ಹೊರವಲಯಕ್ಕೊಂದು ಪಾಸು

"ಪಾಸು ಸಿಕ್ತು" ಎಂದು ಗಂಡ ಬಾಗಿಲಲ್ಲೇ ನಿಂತು ಹೇಳಿದ. ಹೊಲಿಗೆ ಯಂತ್ರದ ಮುಂದಿದ್ದ ಅವಳು ನಂಬಲಿಲ್ಲ.

ನಂಬುವುದಾದರೂ ಹೇಗೆ? ಸೋಂಕು ಹಬ್ಬಿ ರಸ್ತೆಗಳಿಗೆಲ್ಲ ಬೇಲಿ ಬಿದ್ದ ಮೇಲೆ, ನಗರದ ಹೊರವಲಯದಲ್ಲಿ ಅಣ್ಣನ ಜೊತೆಗಿದ್ದ ಅಮ್ಮ ಸಮುದ್ರದಾಚೆ ಹೋದಂತಾಗಿದ್ದಳು. ಮದುವೆ, ಹೆರಿಗೆ, ಸಾವು, ಇಷ್ಟಕ್ಕೆ ಮಾತ್ರ ಪಾಸು. ಮಗಳನ್ನು ನೋಡಬೇಕೆಂಬ ಮುದುಕಿಯ ಆಸೆ ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಬಿದ್ದು ಭುಜ ಮುರಿದುಕೊಂಡ ಅಮ್ಮ, "ನಿಮ್ಮತ್ತಿಗೆ ಬಾಚಿದ್ರೆ ಜಡೆ ನೆಟ್ಟಗೆ ಕೂರಲ್ಲ ಕಣೇ, ನೀನೇ ಬಾ" ಎಂದು ಫೋನಿನಲ್ಲಿ ಗೋಗರೆಯುತ್ತಿದ್ದಳು.

ಊಟಕ್ಕೆ ಕೂತರೆ ಮನೆಯಲ್ಲಿ ಪ್ರಯಾಣದ್ದೇ ಸಂಚು. "ಅಪ್ಪನಿಗೆ ಇನ್ನೊಂದು ಮದುವೆ ಅಂತ ಹೇಳೋಣ" ಎನ್ನುವಳು ಮಗಳು. "ನಿಮ್ಮಪ್ಪನಿಗೆ ನಾನೊಬ್ಬಳು ಸಿಕ್ಕಿದ್ದೇ ಹೆಚ್ಚು" ಎನ್ನುವಳು ಇವಳು. ಗಡಿಯಾರ ರಿಪೇರಿ ಮಾಡುವ ಆ ಮನುಷ್ಯ ನಗುತ್ತಿದ್ದನೇ ಹೊರತು ಸುಳ್ಳಿಗೆ ಅವನ ನಾಲಿಗೆ ಹೊರಳುತ್ತಿರಲಿಲ್ಲ. ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳುವುದು, ಬೈಸಿಕೊಂಡು ಬರುವುದು.

"ಏನು ಹೇಳಿ ತಂದ್ರಿ?"

ಅವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದ. "ಅಮ್ಮ ಹೋಗಿಬಿಟ್ರು ಅಂತ ಹೇಳಿದೆ."

ಅವಳು ಕೈಯಲ್ಲಿದ್ದ ಬಟ್ಟೆಯ ಚೂರನ್ನು ಅವನ ಮೇಲೆಸೆದಳು. "ಅಯ್ಯೋ, ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ! ಜೀವಮಾನಕ್ಕೊಂದು ಸುಳ್ಳು ಹೇಳಿದ್ರಿ, ಅದಕ್ಕೆ ನಮ್ಮಮ್ಮನೇ ಬೇಕಾಗಿತ್ತಾ?" ಎನ್ನುತ್ತಲೇ ನಗು ಉಕ್ಕಿತು. ತಿಂಗಳುಗಟ್ಟಲೆ ಒಳಗೆ ಕಟ್ಟಿಕೊಂಡಿದ್ದ ನಗು. ಮಗಳೂ ಓಡಿಬಂದಳು. ತಾಯಿ ಮಗಳಿಬ್ಬರೂ ಕೈ ಹಿಡಿದು ಗಿರಗಿರನೆ ತಿರುಗಿದರು.

ಅವನು ಕುರ್ಚಿ ಎಳೆದ. "ಮೊದಲು ಒಂದ್ನಿಮಿಷ ಕೂತ್ಕೋ" ಎಂದ.

"ಕೂರೋಕೆ ಪುರುಸೊತ್ತೆಲ್ಲಿ? ಪಾಸು ಸಂಜೆವರೆಗೆ ತಾನೇ?"

ತೋಳೆತ್ತಲಾಗದ ಅಮ್ಮನಿಗೆಂದು ಮುಂದೆ ಗುಂಡಿಯಿಟ್ಟು ಹೊಲಿದ ಸಡಿಲ ಅಂಗಿ ಚೀಲ ಸೇರಿತು. ಅಗಲ ಹಲ್ಲಿನ ಬಾಚಣಿಗೆ ಸೇರಿತು. ತನಗೆಂದು ನೀಲಿ ಹೂಗಳ ಬಟ್ಟೆ ತೆಗೆದಾಗ ಅವನು ತಡೆದ. "ಸಾದಾ ಇರೋದು ಹಾಕ್ಕೋ."

"ಹೌದಲ್ಲ, ಚೌಕಿಯಲ್ಲಿ ಸಿಕ್ಕಿಬೀಳ್ತೀವಿ! ಪರವಾಗಿಲ್ಲ ರೀ, ನಿಮ್ಮ ತಲೆಯೂ ಓಡುತ್ತೆ."

ಗಾಜು ಒಡೆದ ಅವಳ ಫೋನು ಅವನ ಅಂಗಡಿಯಲ್ಲೇ ಇತ್ತು. ಅವನದನ್ನು ಕೇಳಿದರೆ, "ಬೇಡ, ನಿಮ್ಮಣ್ಣನಿಗೆ ಹೇಳಿದ್ದೀನಿ, ಬರ್ತೀವಿ ಅಂತ" ಎಂದ. ಪಕ್ಕದ ಮನೆಯ ಜಿಪುಣ, ತನ್ನ ಕಾರನ್ನು ಯಾರಿಗೂ ಮುಟ್ಟಗೊಡದವನು, ತಾನಾಗಿಯೇ ಕೀಲಿ ತಂದುಕೊಟ್ಟ. ಲೋಕವೇ ಇವತ್ತು ಒಳ್ಳೆಯದಾಗಿದೆ ಅಂದುಕೊಂಡಳು.

ದಾರಿಯಲ್ಲಿ ಮಗಳು ಜೇಬಿನಿಂದ ಹೆಚ್ಚಿದ ಈರುಳ್ಳಿ ತೆಗೆದಳು. ಇಬ್ಬರೂ ಕಣ್ಣಿಗೆ ಹಿಡಿದು ಅಳುವ ಅಭ್ಯಾಸ ಮಾಡಿದರು. ಅಳು ಬರುವ ಮೊದಲೇ ನಗು ಬಂದು ಎಲ್ಲ ಕೆಡುತ್ತಿತ್ತು.

"ಅಪ್ಪಾ, ನೀನೂ ಅಳು."

"ನಾನು ಗಾಡಿ ಓಡಿಸ್ಬೇಕು."

ಚೌಕಿಯ ಪೊಲೀಸ್ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ದಿನಾ ಎಷ್ಟೋ ಸುಳ್ಳು ಸಾವು ನೋಡ್ತೀನಿ ನಾನು. ಆ ಮನೆ ನಂಬರ್ ಹೇಳಿ" ಎಂದು ಫೋನು ತೆಗೆದು ಸ್ಪೀಕರಿಗೆ ಹಾಕಿದ.

ಅವಳು ಈರುಳ್ಳಿಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟಳು. ಹಗಲು ಹೊತ್ತು ಆ ಮನೆಯ ಫೋನಿಗೆ ಉತ್ತರಿಸುವವಳು ಅಮ್ಮನೇ. ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾಳೆ. ಅವಳು ಹಲೋ ಅಂದರೆ ಮುಗಿಯಿತು, ಇಲ್ಲಿಂದಲೇ ವಾಪಸ್ಸು. ಇಷ್ಟು ಹತ್ತಿರ ಬಂದು ವಾಪಸ್ಸು! ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು. ಮಾತಾಡಬೇಡಮ್ಮಾ, ಇದೊಂದು ಸಲ ಮಾತಾಡಬೇಡ ಎಂದು ಅವಳು ಕಣ್ಣು ಮುಚ್ಚಿ ಬೇಡಿಕೊಂಡಳು.

ಅಮ್ಮ ಮಾತಾಡಲಿಲ್ಲ. ಅಣ್ಣನ ದನಿ ಕೇಳಿತು. "ಬೇಗ ಬಿಡಿ ಸಾರ್. ಅವಳು ಬಂದು ಮುಖ ನೋಡೋ ತನಕ ಮಣ್ಣಿಗೆ ಒಯ್ಯಲ್ಲ ಅಂತ ಕೂತಿದ್ದೀವಿ" ಎಂದವನು ಮುಂದೆ ಹೇಳಲಾರದೆ ಬಿಕ್ಕಿದ.

ಪೊಲೀಸ್ ಟೋಪಿ ತೆಗೆದ. ಅಡ್ಡಗಂಬ ಮೇಲೆ ಹೋಯಿತು.

ಕಾರು ಚೌಕಿ ದಾಟಿದ್ದೇ ತಡ, ಮಗಳು ಹಿಂದಿನಿಂದ ಚಪ್ಪಾಳೆ ತಟ್ಟಿದಳು. ಅವಳು ಗಂಡನ ತೋಳು ಹಿಡಿದು ಅಲ್ಲಾಡಿಸಿದಳು. "ಅಬ್ಬಾ, ಅಣ್ಣ ಎಷ್ಟು ಚೆನ್ನಾಗಿ ಅತ್ತ ರೀ! ಅವನಿಗೂ ನೀವೇ ಹೇಳಿಕೊಟ್ರಾ?"

ಅವನು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ.

"ನಾನು ಯಾರಿಗೂ ಏನೂ ಹೇಳಿಕೊಟ್ಟಿಲ್ಲ ಕಣೇ."