ಆರ್ಲಿಂಗ್ ಸಾಲಿನ ಕೆಂಪು ಬಾಗಿಲು

ಬಾಗಿಲು ಮತ್ತೆ ಕೆಂಪಾಗಿತ್ತು.

ಪೇಪರ್ ತರಲು ಹೋಗಿದ್ದ ಡೆನ್‌ಜಿಲ್ ಹಾರ್ಗ್ರೀವ್ ಬೀದಿಯ ತಿರುವಿನಲ್ಲೇ ನಿಂತುಬಿಟ್ಟ. ಹನ್ನೆರಡು ಮನೆಗಳ ಆರ್ಲಿಂಗ್ ಸಾಲು. ಇನ್ನೂರು ವರ್ಷದ ಹಿಂದೆ ಒಂದೇ ಅರಮನೆ ಅನ್ನಿಸುವ ಹಾಗೆ ಕಟ್ಟಿದ್ದು. ಜೇನುಬಣ್ಣದ ಕಲ್ಲು, ಒಂದೇ ಅಳತೆಯ ಕಿಟಕಿ, ಮೂರು ಮೂರು ಮೆಟ್ಟಿಲು, ಬಾಗಿಲ ನೆತ್ತಿಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡ ಗಾಜು. ಇದರಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಸರ್ಕಾರದ ಅನುಮತಿ ಬೇಕು. ಬಾಗಿಲುಗಳೆಲ್ಲ ಕಪ್ಪು. ನಡುವೆ ಇದೊಂದು ಮಾತ್ರ ಕಟುಕನ ಅಂಗಡಿಯ ಹಲಗೆಯ ಹಾಗೆ ಕೆಂಪಗೆ ಕೂತಿತ್ತು.

“ಥೂ!” ಎಂದ ಡೆನ್‌ಜಿಲ್, ಬೀದಿಗೆಲ್ಲ ಕೇಳುವ ಹಾಗೆ.

ಅವನಿಗೆ ಆ ಹಕ್ಕಿತ್ತು. ರಸ್ತೆ ಅಗಲ ಮಾಡಲು ಈ ಸಾಲನ್ನೇ ಕೆಡವಲು ಬಂದಾಗ ಬುಲ್ಡೋಜರ್ ಮುಂದೆ ಮಲಗಿದವನು ಅವನು. ನಿವಾಸಿಗಳ ಸಂಘ ಕಟ್ಟಿದವನು, ಪ್ಲಾಸ್ಟಿಕ್ ಕಿಟಕಿ ಕೀಳಿಸಿದವನು, ಸೂರಿನ ಮೇಲಿನ ಟಿ.ವಿ. ಡಿಶ್ ಇಳಿಸಿದವನು ಎಲ್ಲ ಅವನೇ. ಹಿತ್ತಾಳೆಯ ಮನೆ ನಂಬರುಗಳನ್ನೂ ಬಿಚ್ಚಿಸಿದ್ದ. “ಬಾಗಿಲಿಗೆ ನಂಬರ್ ಯಾಕ್ರೀ? ಅವರವರ ಮನೆ ಅವರವರಿಗೆ ಗೊತ್ತಿರಲ್ವಾ?” ಅಂದಾಗ ಸಭೆಯಲ್ಲಿ ಎಲ್ಲರೂ ನಕ್ಕಿದ್ದರು. ಅವತ್ತಿಗೆ ಅದು ತಮಾಷೆಯ ಮಾತಾಗಿತ್ತು.

ಕೋಲಿನಿಂದ ಬಾಗಿಲು ಬಡಿದ. ಬಿಳಿಗೂದಲಿನ ಹೆಂಗಸು ತೆರೆದಳು. ಬೆರಳ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣ. ನಾಚಿಕೆಯಾದರೂ ಬೇಡವೇ!

“ಏನಮ್ಮಾ ಇದು? ಕಣ್ಣಿಗೆ ಕಾಣಲ್ವಾ ನಿಮಗೆ?”

“ಕಾಣತ್ತೆ. ದೂರದಿಂದಲೇ ಕಾಣಲಿ ಅಂತಲೇ ಬಳಿದಿದ್ದು,” ಎಂದಳು. “ಒಳಗೆ ಬನ್ನಿ. ಟೀ ಆಗಿದೆ.”

“ನಿಮ್ಮ ಟೀ ಯಾರಿಗೆ ಬೇಕು!”

ಆ ಟೀ ಮಹಿಮೆ ಅವನಿಗೆ ಗೊತ್ತಿತ್ತು. ಅವನ ದೂರಿನ ಮೇಲೆ ಕೌನ್ಸಿಲ್‌ನ ಅಧಿಕಾರಿಯೊಬ್ಬ ಬಂದಿದ್ದ. ಇವಳ ಜೊತೆ ಒಳಗೆ ಕೂತು ಟೀ ಕುಡಿದು, ಮೂಗು ಒರೆಸಿಕೊಳ್ಳುತ್ತಾ ಹೊರಬಂದು, “ಸದ್ಯಕ್ಕೆ ಇರಲಿ ಬಿಡಿ” ಎಂದು ಹೊರಟೇಹೋದ. ಒಂದು ಕಪ್ ಟೀಗೆ ಮಾರಾಟವಾದ ಗಂಡಸು. ಛೀ.

“ಮನೇಲಿ ಕಾಯಿಲೆಯವರಿದ್ದಾರೆ,” ಎಂದಳು ಹೆಂಗಸು ಮೆಲ್ಲಗೆ. “ಅವರಿಗೋಸ್ಕರ ಈ ಬಣ್ಣ.”

“ಕಾಯಿಲೆಗೆ ಔಷಧಿ ಕೊಡಿ. ಬಣ್ಣ ಬಳೀತಾರೇನ್ರೀ ಯಾರಾದ್ರೂ?”

“ಔಷಧಿ ಇಲ್ಲವಂತೆ.”

“ನೆಪ ಹೇಳ್ಬೇಡಿ! ನನ್ನ ಹೆಂಡತಿಯನ್ನ ನೋಡಿ ಕಲೀರಿ. ಮದುವೆಯಾಗಿ ಬಂದಾಗಿನಿಂದ ಇದೇ ಸಾಲಲ್ಲಿದ್ದಾಳೆ. ಒಂದು ದಿನ ಹೊಸಿಲಿನ ಬಣ್ಣ ಕೂಡ ಬದಲಾಯಿಸಿದವಳಲ್ಲ.”

“ಒಳ್ಳೆಯವಳಾ?”

“ಅವಳಂಥವಳು ಇನ್ನೊಬ್ಬಳಿಲ್ಲ.”

ಹೆಂಗಸು ಮುಖ ಆಚೆ ತಿರುಗಿಸಿಕೊಂಡಳು. ತಪ್ಪು ಮಾಡಿದವರು ಕಣ್ಣು ತಪ್ಪಿಸುವುದು ಹೀಗೇ ಎಂದುಕೊಂಡ ಡೆನ್‌ಜಿಲ್.

ಇನ್ನು ಮಾತಿನಿಂದ ಆಗುವ ಕೆಲಸವಲ್ಲ. ಅವನು ಮೆಟ್ಟಿಲ ಕೆಳಗಿನ ಹಳೆಯ ಕಲ್ಲಿದ್ದಲ ಗೂಡಿಗೆ ಇಳಿದ. ಕತ್ತಲಲ್ಲಿ ಕೈ ಹಾಕಿದ ಕಡೆಯೇ ಕಪ್ಪು ಬಣ್ಣದ ಡಬ್ಬಿ ಸಿಕ್ಕಿತು, ಪಕ್ಕದಲ್ಲಿ ತೊಳೆದು ಪೇಪರಿನಲ್ಲಿ ಸುತ್ತಿಟ್ಟ ಬ್ರಷ್. ಸರಿಯಾದ ಬಣ್ಣ ಮನೆಯಲ್ಲೇ ಇಟ್ಟುಕೊಂಡು ಈ ಹೊಲಸು ಬಳಿಯುವುದೆಂದರೆ! ಅವನಿಗೆ ಮೈಯೆಲ್ಲ ಉರಿಯಿತು.

ಹೆಂಗಸು ತಡೆಯಲಿಲ್ಲ. ಒಳಗಿನಿಂದ ಹಳೆಯ ಕೋಟು ತಂದಳು. “ಇದನ್ನ ಹಾಕ್ಕೊಳ್ಳಿ, ಬಟ್ಟೆ ಹಾಳಾಗತ್ತೆ.” ತೋಳು ಅವನಿಗೆ ಸರಿಯಾಗಿ ಕೂತಿತು. ಕೋಟಿನ ತೋಳ ತುದಿಯಲ್ಲಿ ಒಣಗಿದ ಕಪ್ಪು ಬಣ್ಣದ ಕಲೆಗಳಿದ್ದವು.

ಪಕ್ಕದ ಮನೆಯ ಪ್ಯಾಸ್ಕೋ ಮೆಟ್ಟಿಲಿಗೆ ಬಂದ. “ಬೇಡಿ ಡೆನ್‌ಜಿಲ್ ಅವರೇ. ಆಮೇಲೆ ನೀವೇ ಪರದಾಡ್ತೀರಿ.”

“ನೀವೂ ಇವಳ ಕಡೆಯವರೇನು?”

“ನಾನು ನಿಮ್ಮಿಬ್ಬರ ಕಡೆಯವನು ಮಾರಾಯ್ರೇ,” ಎಂದು ಪ್ಯಾಸ್ಕೋ ಒಳಗೆ ಹೋದ.

ಡೆನ್‌ಜಿಲ್ ಬಳಿದ. ಕೆಂಪಿನ ಒಂದು ಚುಕ್ಕೆಯೂ ಉಳಿಯದ ಹಾಗೆ ಬಳಿದ. ಆಮೇಲೆ ಕೋಟು ಕಳಚಿ, ರಸ್ತೆ ದಾಟಿ, ಎದುರಿನ ಹುಲ್ಲುಹಾಸಿನ ತುದಿಯಲ್ಲಿ ನಿಂತು ನೋಡಿದ. ಎಲ್ಲ ಬಾಗಿಲೂ ಒಂದೇ ಕಪ್ಪು. ಈ ತುದಿಯಿಂದ ಆ ತುದಿಗೆ ಕಣ್ಣು ಎಲ್ಲೂ ಎಡವಲಿಲ್ಲ. ಅಬ್ಬ, ಈಗ ಸಮಾಧಾನವಾಯಿತು.

ತುಂತುರು ಶುರುವಾಯಿತು. ಹಸಿವೂ ಆಗಿತ್ತು. ಇವತ್ತು ಶುಕ್ರವಾರ, ಮನೆಯಲ್ಲಿ ಮೀನಿನ ದಿನ, ಹೆಂಡತಿ ಬೇಯಿಸಿಟ್ಟು ಕಾಯುತ್ತಿರುತ್ತಾಳೆ. ಅವನು ಕೀ ತೆಗೆದು ಒಂದು ಮನೆಯ ಮೆಟ್ಟಿಲು ಹತ್ತಿದ. ಕೀ ಒಳಗೆ ಹೋಗಲಿಲ್ಲ. ಪಕ್ಕದ್ದಕ್ಕೆ ಹಾಕಿದ, ತಿರುಗಲಿಲ್ಲ. ಅದರ ಪಕ್ಕದ್ದು. ಯಾರೋ ಪರದೆ ಸರಿಸಿ ನೋಡಿ ಮತ್ತೆ ಎಳೆದುಕೊಂಡರು. ಬಣ್ಣ ಆರದ ಬಾಗಿಲನ್ನು ಮಾತ್ರ ಅವನು ಮುಟ್ಟಲಿಲ್ಲ, ಅದು ಆ ಹೊಲಸು ಹೆಂಗಸಿನ ಮನೆ. ಬೆನ್ನು ನೆನೆಯಿತು. ಯಾವ ದರಿದ್ರದವನು ಇವನ್ನೆಲ್ಲ ಒಂದೇ ಥರ ಮಾಡಿಟ್ಟದ್ದು!

“ಬೆರಿಲ್!” ಎಂದು ಪ್ಯಾಸ್ಕೋ ಕಿಟಕಿಯಿಂದ ಕೂಗಿದ. “ಮಳೇಲಿ ನಿಂತಿದ್ದಾರೆ ನೋಡಿ.”

ಬಿಳಿಗೂದಲಿನ ಹೆಂಗಸು ಕೊಡೆ ಹಿಡಿದು ಬಂದಳು. ಅವನ ಕೈಯಿಂದ ಕೀ ತೆಗೆದುಕೊಂಡು, ಬಣ್ಣ ಆರದ ಬಾಗಿಲಿಗೆ ಹಾಕಿ ತಿರುಗಿಸಿದಳು. ಬಾಗಿಲು ಸಲೀಸಾಗಿ ತೆರೆಯಿತು. ಒಳಗಿನಿಂದ ಬೆಂದ ಮೀನಿನ ವಾಸನೆ ಬಂತು.

“ನಾಳೆ ಮತ್ತೆ ಕೆಂಪು ಬಳೀತೀನಿ,” ಎಂದಳು ಅವನ ಹೆಂಡತಿ, ಒದ್ದೆಯಾದ ಅವನ ತಲೆ ಒರೆಸುತ್ತಾ. “ಬೈಯೋದಕ್ಕಾದ್ರೂ ಮನೆಗೆ ಬರ್ತೀರಲ್ಲ.”