ಗೆಳೆಯರ ಪುಟ

"ಅವರು ಹೋಗಿದ್ದು ಯಾವತ್ತು ಅಂತ ಒಂದು ಹೇಳ್ಬಿಡಿ ಮೇಡಂ, ಹೊರಟುಬಿಡ್ತೀನಿ," ಎಂದರು ಬಂದವರು. ಅರವತ್ತೈದು ದಾಟಿದ ವಯಸ್ಸು, ಗರಿಗರಿಯಾದ ಅಂಗಿ. ಕೂರಿ ಎಂದು ಎರಡು ಸಲ ಹೇಳಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಯಾರು ಹೋಗಿದ್ದು ಸರ್?" ಸಂಪಾದಕಿಗೆ ತಲೆಬುಡ ತಿಳಿಯಲಿಲ್ಲ.

"ಹದಿನೇಳನೇ ನಂಬರು."

ಆ ನಂಬರು ಅವಳಿಗೆ ಚೆನ್ನಾಗಿ ಗೊತ್ತು. ಪತ್ರಿಕೆಯ ಕೊನೆಗೆ 'ಗೆಳೆಯರ ಪುಟ' ಎಂದೊಂದಿತ್ತು. ಗಂಡಸನ್ನೇ ಪ್ರೀತಿಸಿದ ಗಂಡಸರು, ಹೆಂಗಸನ್ನೇ ಪ್ರೀತಿಸಿದ ಹೆಂಗಸರು ಹೆಸರು ಮುಚ್ಚಿಟ್ಟು, ನಂಬರು ಹಾಕಿಕೊಂಡು ನಾಲ್ಕು ಸಾಲು ಬರೆಯುತ್ತಿದ್ದ ಪುಟ. ಆಗ ಪತ್ರಿಕೆಯೆಂದರೆ ಕಪ್ಪು ಬಿಳುಪಿನ ಹದಿನಾರು ಹಾಳೆ. ಕೂತು ಪಿನ್ನು ಹೊಡೆಯುತ್ತಿದ್ದವಳೂ ಅವಳೇ. ವಕೀಲರ ಸಲಹೆ, ಡಾಕ್ಟರ ಸಲಹೆ, ಅಮ್ಮನಿಗೆ ಹೇಗೆ ಹೇಳಲಿ ಎಂದು ಕೇಳುವ ಕಾಗದಗಳು. ಈಗ ನುಣುಪು ಹಾಳೆ, ಮುಖಕ್ಕೆ ಹಚ್ಚುವ ಕ್ರೀಮು, ಜೋಡಿಗಳಿಗೆ ರೆಸಾರ್ಟು. ಓದುವವರಿಗೆ ಹೆಸರು ಮುಚ್ಚಿಡುವ ಕರ್ಮವಿಲ್ಲ. ಒಳ್ಳೆಯದೇ ಆಯಿತು, ಇಷ್ಟು ವರ್ಷ ಹೆಣಗಿದ್ದು ಅದಕ್ಕೇ ತಾನೆ! "ಎಲ್ಲರ ಕೈಲೂ ಫೋನಿದೆ ಮೇಡಂ, ಯಾರು ಓದ್ತಾರೆ ಈ ಪುಟ? ತಿಂಗಳಿಗೆ ಬರೋದೇ ಒಂದು ಜಾಹೀರಾತು," ಎಂದು ಹೊಸ ಮ್ಯಾನೇಜರು ಅಂದಾಗ ಅವಳೂ ಹೂಂ ಅಂದಿದ್ದಳು. ಮೂರು ಸಂಚಿಕೆಯಿಂದ ಆ ಪುಟದ ಜಾಗದಲ್ಲಿ ಮಾರಾಟದ ಸೋಫಾವೊಂದರ ಚಿತ್ರವಿದೆ. ಅದರ ಮೇಲೆ ಇಬ್ಬರು ಹುಡುಗರು ಹಲ್ಲು ಬಿಟ್ಟುಕೊಂಡು ಕೂತಿದ್ದಾರೆ.

ತಿಂಗಳಿಗೆ ಬರುತ್ತಿದ್ದ ಆ ಒಂದೇ ಜಾಹೀರಾತು ಹದಿನೇಳನೇ ನಂಬರಿನದು. ಪುಟ ನಿಂತಿತು ಎಂದು ಅವರಿಗೊಂದು ಕಾರ್ಡು ಹಾಕಲೂ ಅವಳಿಗೆ ತೋಚಿರಲಿಲ್ಲ.

"ಅವರು ನಿಮಗೆ..."

"ಒಂದೇ ರೂಮಲ್ಲಿದ್ವಿ, ಆರು ವರ್ಷ. ಆಮೇಲೆ ನನಗೆ ಮದುವೆ ಆಯ್ತು. ಕಾಗದ ಬರೀಬಾರ್ದು, ಮನೆ ಕಡೆ ತಲೆ ಹಾಕಬಾರ್ದು ಅಂತ ನಾನೇ ಭಾಷೆ ತಗೊಂಡಿದ್ದೆ. ಪುಣ್ಯಾತ್ಮ, ಮಾತಿಗೆ ತಪ್ಪಲಿಲ್ಲ. ನನಗೆ ಬರೀಲಿಲ್ಲ, ನಿಮಗೆ ಬರೆದ. 'ಮಹಡಿ ರೂಮಿನ ಗೆಳೆಯನಿಗೆ' ಅಂತ. ನಾನು ಓದ್ತೀನೋ ಇಲ್ವೋ ಅವನಿಗೇನು ಗೊತ್ತು? 'ಚೆನ್ನಾಗಿದ್ದೇನೆ, ಮನೆ ಬದಲಾಯಿಸಿದೆ.' 'ಚೆನ್ನಾಗಿದ್ದೇನೆ, ಕನ್ನಡಕ ಬಂತು.' ನನ್ನದು ಕನ್ನಡಕದ ಅಂಗಡಿ ಮೇಡಂ! ಬೇರೆ ಯಾರ ಹತ್ರಾನೋ ಮಾಡಿಸ್ಕೊಂಡ." ನಕ್ಕರು. ನಗು ಅರ್ಧಕ್ಕೇ ನಿಂತಿತು. "ಕೊನೇದ್ರಲ್ಲಿ 'ಸ್ವಲ್ಪ ಕೆಮ್ಮು, ಗಾಬರಿ ಬೇಡ' ಅಂತಿತ್ತು. ಮುಂದಿನ ತಿಂಗಳು ನೋಡಿದ್ರೆ ಪುಟವೇ ಇಲ್ಲ. ಅವನೊಬ್ಬನದೇ ತಾನೆ ಬರ್ತಿದ್ದಿದ್ದು? ಅವನೇ ಇಲ್ಲ ಅಂದ್ಮೇಲೆ ಪುಟ ಯಾಕೆ ಅಂತ ತೆಗೆದಿದ್ದೀರಿ ಅಂದ್ಕೊಂಡೆ."

ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡರೆ ಸಂಪಾದಕಿಗೆ ಆಗುತ್ತಿರಲಿಲ್ಲ. ಈಗ ಒದ್ದವಳು ಅವಳೇ ಆಗಿದ್ದಳು. ಅವರ ಮುಖ ನೋಡಲಾಗದೆ ಮೇಜಿನ ಡ್ರಾಯರು ಎಳೆದು, ಅಡಿಯಿಂದ ಮೂರು ಕಾರ್ಡು ತೆಗೆದು ಮುಂದಿಟ್ಟಳು.

"ಸರ್, ಅವರು ಹೋಗಿಲ್ಲ. ಪುಟ ತೆಗೆದದ್ದು ನಾವು. ತಪ್ಪಾಯ್ತು."

ಮೊದಲನೆಯದರಲ್ಲಿ ಕೆಮ್ಮು ನಿಂತಿತ್ತು. ಎರಡನೆಯದರಲ್ಲಿ ಸಂಜೆ ಸಂಜೆ ನಡೆಯಲು ಶುರುಮಾಡಿದ್ದರು. ಮೂರನೆಯದು ಸಂಪಾದಕರಿಗೇ ಇತ್ತು: 'ನನ್ನದು ಬರುತ್ತಿಲ್ಲ. ಜಾಗವಿಲ್ಲದಿದ್ದರೆ ಎರಡೇ ಸಾಲು ಸಾಕು.'

"ಬದುಕಿದ್ದಾನೆ, ಬಡ್ಡೀಮಗ!" ಎಂದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ಆರು ವರ್ಷದ ರೂಮು ಅವರ ಮುಖದ ಮೇಲೆ ಬಂದು ಹೋಯಿತು. ಆಮೇಲೆ ಏನೋ ನೆನಪಾಗಿ ಕಾರ್ಡುಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಯಾಕೆ ಸರ್? ವಿಳಾಸ ಇದೆ, ಬರ್ಕೊಳ್ಳಿ."

"ಹೋದ ವಾರ ಊಟಕ್ಕೆ ಕೂತಾಗ ತಡೀಲಾರದೆ ಅತ್ತುಬಿಟ್ಟೆ ಮೇಡಂ. ಯಾರು ಹೋದ್ರು ಅಂತ ಹೆಂಡತಿ ಕೇಳಿದ್ಲು. ಹೋದವನ ವಿಷಯ, ಇನ್ನೇನು ಮುಚ್ಚಿಡೋದು ಅಂತ ಎಲ್ಲಾ ಹೇಳ್ಬಿಟ್ಟೆ."

"ಅವರೇನಂದ್ರು?"

"ಎರಡು ದಿನ ಮಾತಿಲ್ಲ. ಮೂರನೇ ದಿನ ಬಂದು ಪಕ್ಕದಲ್ಲಿ ಕೂತ್ಲು. ಸತ್ತೋರ ಮೇಲೆ ಏನು ಸಿಟ್ಟು, ಯಾವತ್ತು ಹೋದ್ರು ಅಂತನಾದ್ರೂ ತಿಳ್ಕೊಂಡು ಬರೋಣ ನಡೀರಿ ಅಂತ ಅವಳೇ ಹೊರಡಿಸಿದ್ದು." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ಕೆಳಗೆ ಕೂತಿದ್ದಾಳೆ. ಈಗ ಹೋಗಿ ಅವಳಿಗೆ ಏನಂತ ಹೇಳ್ಲಿ?"