ಮೊದಲ ಶಿಳ್ಳೆ

ಸೂಪರ್‌ಹೀರೋ ಸಿನಿಮಾ ತೆಗೆಯಲು ನಿರ್ಮಾಪಕ ಲೋಕಪ್ಪ ಇದ್ದೊಂದು ಮನೆಯನ್ನೂ ಅಡವಿಟ್ಟಿದ್ದ. ಮೊದಲ ಆಟಕ್ಕೆ ಒಳಗೆ ಕೂರುವ ಧೈರ್ಯವಿಲ್ಲದೆ, ಬಾಲ್ಕನಿ ಬಾಗಿಲ ಹೊರಗೆ ನಿಂತು ಶಿಳ್ಳೆಗಾಗಿ ಕಿವಿಗೊಟ್ಟ. ಒಂದೂ ಬೀಳಲಿಲ್ಲ. ಇಂಟರ್ವಲ್‌ಗೆ ಹೊರಬಂದವರ ಮುಖ ನೋಡಲಾರದೆ ಮ್ಯಾನೇಜರ್ ಕೋಣೆ ಸೇರಿ ಬಾಗಿಲು ಹಾಕಿಕೊಂಡ.

"ಹಾಕಿದ ದುಡ್ಡಾದ್ರೂ ಬರುತ್ತೇನ್ರೀ?"

"ಮೊದ್ಲು ಟೀ ಕುಡೀರಿ ಸಾರ್. ನಿಮ್ಮ ಹೀರೋ ನೆಲ ಬಿಟ್ಟು ಮೇಲೇಳೋಕೇ ಇಂಟರ್ವಲ್‌ವರೆಗೂ ಬೇಕಾಯ್ತು," ಎಂದ ಮ್ಯಾನೇಜರ್.

ಲೋಟ ಬಾಯಿಗಿಡುವಷ್ಟರಲ್ಲಿ ಹಾಲ್‌ನೊಳಗಿಂದ ಶಿಳ್ಳೆ, ಚಪ್ಪಾಳೆ, ಕೇಕೆ. ಕಿಟಕಿಯ ಗಾಜು ಅದುರಿತು. ಲೋಕಪ್ಪ ಜಿಗಿದೆದ್ದು ಮ್ಯಾನೇಜರನ್ನು ತಬ್ಬಿಕೊಂಡ.

"ಗೆದ್ದೆ ಕಣ್ರೀ! ಸೆಕೆಂಡ್ ಹಾಫ್ ಕೈ ಹಿಡೀತು!"

"ಸೆಕೆಂಡ್ ಹಾಫ್ ಇನ್ನೂ ಶುರುವಾಗಿಲ್ಲ ಸಾರ್. ಮುಂದಿನ ಶುಕ್ರವಾರ ಇಲ್ಲಿ ಹಾಕೋ ಸಿನಿಮಾದ ಟ್ರೇಲರ್ ಬಿಟ್ಟಿದ್ದೀವಿ."